ಊಟ, ಅಂಗಿ, ಬಗಲು: ಮನೆಗೆಲಸದೊಳಗೆ ಕೂಡಿಕೊಂಡ ಥೆರಪಿ

ಹಾವೇರಿ ಜಿಲ್ಲೆಯ ಹಳ್ಳಿಗಳಲ್ಲಿ ಸೆರೆಬ್ರಲ್ ಪಾಲ್ಸಿ (ಎಳೆಯ ಮಿದುಳಿಗೆ ಆದ ಹಾನಿಯಿಂದ ಚಲನೆಗೆ ಬರುವ ತೊಂದರೆ) ಇರುವ ಮಕ್ಕಳ ಮನೆಗೇ ಹೋಗಿ ಫಿಸಿಯೊಥೆರಪಿ ಕೊಡುವುದು ನನ್ನ ಕೆಲಸ. ನಡೆಯಲಾಗದ ಮಗುವನ್ನು ಎತ್ತಿಕೊಂಡು, ಬಸ್ಸು ಬದಲಿಸಿ, ತಾಲ್ಲೂಕು ಕೇಂದ್ರಕ್ಕೆ ಬರುವ ತಾಯಿ ಆ ದಿನದ ಕೂಲಿಯನ್ನು ಬಿಟ್ಟೇ ಬರಬೇಕಾಗುತ್ತದೆ. ಮೆಣಸಿನಕಾಯಿ ಬಿಡಿಸುವ ಹಂಗಾಮಿನಲ್ಲಂತೂ ಅವಳು ಬರುವುದೇ ಇಲ್ಲ. ಹಾಗೆಂದು, ಕೇಂದ್ರದಲ್ಲಿ ಮಾಡಿಸುವ ವ್ಯಾಯಾಮವನ್ನೇ ಅವರ ಪಡಸಾಲೆಯಲ್ಲಿ ಮಾಡಿಸಿ, ‘ದಿನಕ್ಕೆ ಮೂರು ಸಲ ಹೀಗೆ ಮಾಡಿ’ ಎಂದು ಹೇಳಿ ಎದ್ದು ಬಂದರೆ ಅದನ್ನು ಕುಟುಂಬ ಕೇಂದ್ರಿತ ಸೇವೆ, ಅಂದರೆ ಮನೆಯವರ ಅಗತ್ಯಕ್ಕೂ ದಿನಚರಿಗೂ ಹೊಂದಿಕೊಂಡ ಸೇವೆ, ಎನ್ನಲಾಗದು. ಬದಲಾದದ್ದು ಜಾಗ ಮಾತ್ರ.

ಮೊದಲ ಭೇಟಿಯಲ್ಲಿ ನಾನು ಹೆಚ್ಚಾಗಿ ಕೇಳುವುದು ಮನೆಗೆಲಸದ ಸಂಗತಿಯನ್ನೇ: ಮಗುವಿಗೆ ಉಣಿಸುವವರು ಯಾರು, ಎರೆಯುವವರು ಯಾರು, ಯಾವ ಕೆಲಸ ಎಲ್ಲಕ್ಕಿಂತ ಕಷ್ಟ? ಕೆನಡಾದ ಆಕ್ಯುಪೇಶನಲ್ ಥೆರಪಿಸ್ಟರು (ದಿನನಿತ್ಯದ ಕೆಲಸಗಳಿಗೆ ನೆರವಾಗುವ ಚಿಕಿತ್ಸಕರು) ರೂಪಿಸಿದ ಒಂದು ಅಳತೆಯಲ್ಲಿ, ಮನೆಯವರೇ ತಮಗೆ ಮುಖ್ಯವಾದ ತೊಂದರೆಗಳನ್ನು ಆರಿಸಿ, ಈಗ ಅದು ಎಷ್ಟು ಸರಿಯಾಗಿ ನಡೆಯುತ್ತಿದೆ, ತಮಗೆ ಎಷ್ಟು ಸಮಾಧಾನವಿದೆ ಎಂದು 1ರಿಂದ 10ರವರೆಗೆ ಅಂಕ ಕೊಡುತ್ತಾರೆ. ಕೆಲವು ತಿಂಗಳ ನಂತರ ಮತ್ತೆ ಕೊಡುತ್ತಾರೆ. ಉಣಿಸುವುದು ಬಹುಪಾಲು ಅಜ್ಜಿಯರೇ ಆದ್ದರಿಂದ ಅಂಕದ ಬದಲು, ಹದಿನಾರಾಣೆ ಅಂದರೆ ಪೂರ್ತಿ ಸರಿ ಎಂದಿಟ್ಟುಕೊಂಡು, ಅವರನ್ನು ‘ರೂಪಾಯಿಗೆ ಎಷ್ಟಾಣೆ?’ ಎಂದು ಕೇಳುತ್ತೇನೆ. ಈ ಲೆಕ್ಕ ಅವರಿಗೆ ತಡವರಿಕೆಯಿಲ್ಲದೆ ಬರುತ್ತದೆ.

ಒಂದು ಮನೆಯಲ್ಲಿ ನಾಲ್ಕು ವರ್ಷದ ಹುಡುಗನಿಗೆ ಕೈಕಾಲುಗಳೆಲ್ಲ ಬಿಗಿ, ಕುತ್ತಿಗೆ ನಿಲ್ಲುವುದೂ ಕಷ್ಟ. ತಾಯಿಗೆ ಮಗ ನಡೆಯಬೇಕು ಎಂಬ ಆಸೆ. ಅಜ್ಜಿಯ ಚಿಂತೆ ಊಟದ್ದು: ‘ಹೊಟ್ಟಿಗೆ ಹೋಗೂದಕ್ಕಿಂತ ಹೊರಗ ಬರೂದ ಹೆಚ್ಚ್ರೀ ಡಾಕ್ಟ್ರ, ನಾಕಾಣೆ ಅಂತ ಬರಕೋರಿ.’ ಆಕೆ ಕಾಲು ಚಾಚಿ, ಮಗುವನ್ನು ಅದರ ಮೇಲೆ ಅಂಗಾತ ಮಲಗಿಸಿಕೊಂಡು ಅಂಬಲಿ ಕುಡಿಸುತ್ತಿದ್ದರು. ತಲೆ ಹಿಂದಕ್ಕೆ ವಾಲಿದಾಗ ಇಂಥ ಮಕ್ಕಳಿಗೆ ನುಂಗುವುದು ಹಿಡಿತಕ್ಕೆ ಸಿಗುವುದಿಲ್ಲ, ಆಹಾರ ನೆತ್ತಿಗೇರುತ್ತದೆ. ಅದು ಶ್ವಾಸಕೋಶಕ್ಕೆ ಇಳಿದರೆ ಪದೇಪದೇ ನ್ಯುಮೋನಿಯಾ ಬರಬಹುದು.

ನಾವು ಮಾಡಿದ್ದು ಇಷ್ಟು. ಅಜ್ಜಿ ಗೋಡೆಗೆ ಬೆನ್ನು ಕೊಟ್ಟು ಮೊಣಕಾಲು ಮಡಿಚಿ ಕುಳಿತರು. ಹುಡುಗನನ್ನು ಅವರಿಗೆ ಮುಖಮಾಡಿಸಿ, ಅವರ ತೊಡೆಗೆ ಬೆನ್ನು ಆನಿಸಿ, ಅವನ ಕಾಲುಗಳು ಅವರ ಸೊಂಟದ ಎರಡೂ ಬದಿಗೆ ಬರುವಂತೆ ಕೂರಿಸಿದೆವು. ಅಂಬಲಿಯ ಬದಲು ಗಟ್ಟಿ ಗಂಜಿ. ಚಪ್ಪಟೆಯಾದ ಸಣ್ಣ ಚಮಚ ಎದುರಿನಿಂದಲೇ ಬರಬೇಕು, ನಾಲಿಗೆಯ ಮೇಲೆ ಹಗುರವಾಗಿ ಒತ್ತಬೇಕು, ತುಟಿ ಮುಚ್ಚುವವರೆಗೆ ಕಾಯಬೇಕು. ಈ ಕಾಯುವಿಕೆಯೇ ಅಜ್ಜಿಗೆ ಕಷ್ಟವಾದದ್ದು, ಮೊಮ್ಮಗ ಹಸಿದಿದ್ದಾನೆಂಬ ಅವಸರ ಅವರದು. ಆದರೆ ಹೀಗೆ ಕುಳಿತಾಗ ಕತ್ತರಿಯಂತೆ ಕೂಡಿಕೊಳ್ಳುವ ಅವನ ತೊಡೆಗಳು ಊಟ ಮುಗಿಯುವವರೆಗೂ ಅಗಲವಾಗಿರುತ್ತವೆ. ತಾಯಿ ಬಿಡುವು ಮಾಡಿಕೊಂಡು ಬೇರೆಯಾಗಿ ಮಾಡಿಸಬೇಕಿದ್ದ ಎಳೆತದ ವ್ಯಾಯಾಮದ ಒಂದು ಪಾಲು ಅಲ್ಲೇ ಸಂದಾಯವಾಗುತ್ತದೆ.

ಉಳಿದವೂ ಹೀಗೆಯೇ. ಅಂಗಿ ತೊಡಿಸುವಾಗ ಹೆಚ್ಚು ಬಿಗಿಯಾದ ಕೈ ಮೊದಲು, ಬಿಚ್ಚುವಾಗ ಅದು ಕೊನೆಗೆ. ಎತ್ತಿಕೊಳ್ಳುವಾಗ ಕೂಸಿನಂತೆ ಅಡ್ಡಲಾಗಿ ಬೇಡ, ಕಾಲು ಅಗಲಿಸಿ ಬಗಲಲ್ಲಿ. ಸಂಜೆ ಅಪ್ಪ ಮನೆಗೆ ಬಂದಮೇಲೆ, ಗೋಡೆಯ ಮೂಲೆಯಲ್ಲಿ ಸುತ್ತಿದ ಕೌದಿಗಳ ನಡುವೆ ಮಗನನ್ನು ಕೂರಿಸಿ ಮಾತನಾಡಿಸುವುದು ಅವರ ಪಾಲು.

ನಡಿಗೆಯ ಪ್ರಶ್ನೆಯನ್ನು ನಾನು ಮುಂದೂಡುವುದಿಲ್ಲ. ಚಲನೆಯ ಸಾಮರ್ಥ್ಯವನ್ನು ಐದು ಹಂತಗಳಲ್ಲಿ ಗುರುತಿಸುವ ವರ್ಗೀಕರಣದಲ್ಲಿ ಈ ಹುಡುಗ ಎಲ್ಲಕ್ಕಿಂತ ತೀವ್ರವಾದ ಐದನೆಯದರಲ್ಲಿದ್ದ. ತಂದೆತಾಯಿ ಇಬ್ಬರೂ ಇದ್ದಾಗ, ಅವನು ತಾನಾಗಿ ನಡೆಯುವ ಸಂಭವ ತೀರ ಕಡಿಮೆ ಎಂದು ಹೇಳಿದೆ. ಕೂರುವುದು, ನೋವಿಲ್ಲದಿರುವುದು, ಬೇಕುಬೇಡಗಳನ್ನು ಕಣ್ಣಿನಿಂದ ತಿಳಿಸುವುದು ಇವುಗಳ ಕಡೆಗೆ ಕೆಲಸ ಮಾಡೋಣ ಎಂದೆ. ತಾಯಿ ಅಂದು ಒಪ್ಪಲಿಲ್ಲ. ಒಪ್ಪಲೇಬೇಕೆಂದು ನಾನೂ ಪಟ್ಟು ಹಿಡಿಯಲಿಲ್ಲ.

ತಾಯಿಯನ್ನೇ ಥೆರಪಿಸ್ಟ್ ಮಾಡುವುದು ಕುಟುಂಬ ಕೇಂದ್ರಿತ ಸೇವೆ ಎಂಬ ಮಾತು ನಮ್ಮ ವೃತ್ತಿಯಲ್ಲಿ ಓಡಾಡುತ್ತದೆ. ನನಗೆ ಅದು ಸರಿಬರುವುದಿಲ್ಲ. ನಡೆಯದ ಮಕ್ಕಳಲ್ಲಿ ಸೊಂಟದ ಕೀಲು ನಿಧಾನವಾಗಿ ಜಾರುವುದನ್ನು ಯಾವ ತಾಯಿಯೂ ಕೈಯಿಂದ ಮುಟ್ಟಿ ಕಂಡುಹಿಡಿಯಲಾರಳು. ವರ್ಷಕ್ಕೊಮ್ಮೆಯಾದರೂ ಎಕ್ಸ್-ರೇ ತೆಗೆಸಿ ಮೂಳೆತಜ್ಞರಿಗೆ ತೋರಿಸುವ ಹೊಣೆ ನಮ್ಮದು. ಅಂಗವಿಕಲರ ಗುರುತಿನ ಚೀಟಿಯಾದ ಯು.ಡಿ.ಐ.ಡಿ. ಕಾರ್ಡಿನ ಅರ್ಜಿ, ಥೆರಪಿಯ ಖರ್ಚೂ ಸೇರಿದಂತೆ 1 ಲಕ್ಷ ರೂಪಾಯಿವರೆಗಿನ, ಇಂಥ ಮಕ್ಕಳಿಗೂ ಸಿಗುವ ‘ನಿರಾಮಯ’ ಎಂಬ ಸರ್ಕಾರಿ ಆರೋಗ್ಯ ವಿಮೆಯ ನೋಂದಣಿ, ಇವಕ್ಕೂ ನಾನು ಗ್ರಾಮೀಣ ಪುನರ್ವಸತಿ ಕಾರ್ಯಕರ್ತರ ಜೊತೆ ಕುಳಿತೇ ಕಾಗದಪತ್ರ ಮಾಡಿಸುತ್ತೇನೆ. ಮುಂದಿನ ಭೇಟಿಯಲ್ಲಿ ಅಜ್ಜಿ ಊಟಕ್ಕೆ ಹತ್ತಾಣೆ ಕೊಟ್ಟರು. ಸ್ನಾನ ಇನ್ನೂ ನಾಕಾಣೆಯಲ್ಲೇ ಇರುವುದರಿಂದ, ಈಗ ಬಚ್ಚಲಲ್ಲಿ ಅವನನ್ನು ಆನಿಸಿ ಕೂರಿಸುವ ಬಗೆಯನ್ನು ನೋಡುತ್ತಿದ್ದೇವೆ.