ತೀರಿದ ಸಾಲಕ್ಕೆ ಕಡಿತವಾದ ಕಂತನ್ನು ಬ್ಯಾಂಕಿನಿಂದಲೇ ಮರಳಿ ಪಡೆದ ಬಗೆ: ನನ್ನ ಅನುಭವ

ಸಾಲ ತೀರಿಸಿ, ನೋ ಡ್ಯೂ (ಬಾಕಿಯಿಲ್ಲ ಎಂಬ) ಪತ್ರವೂ ಕೈಗೆ ಬಂದ ಮೇಲೆ ನ್ಯಾಚ್ (ಖಾತೆಯಿಂದ ಕಂತನ್ನು ತಾನಾಗಿಯೇ ಕಡಿತ ಮಾಡುವ ವ್ಯವಸ್ಥೆ) ಮೂಲಕ ಕಡಿತವಾದ ಹಣವನ್ನು ನಮ್ಮ ಸ್ವಂತ ಬ್ಯಾಂಕಿನಿಂದಲೇ, ತಡವಾದ ಪ್ರತಿ ದಿನಕ್ಕೆ 100 ರೂಪಾಯಿ ಪರಿಹಾರದ ಸಹಿತ, ವಸೂಲು ಮಾಡಲು ಸಾಧ್ಯವಿದೆ ಎಂದು ನಾನು ಹೇಳಿದಾಗ ಲೆಕ್ಕಪತ್ರದ ಕೆಲಸದಲ್ಲಿರುವ ನನ್ನ ಗೆಳೆಯರಲ್ಲಿ ಒಬ್ಬರೂ ಒಪ್ಪಿರಲಿಲ್ಲ. ಹಣ ಹೋದದ್ದು ಫೈನಾನ್ಸ್ ಕಂಪನಿಗೆ, ಬ್ಯಾಂಕು ಏಕೆ ಕೊಡಬೇಕು ಎಂಬುದು ಅವರ ವಾದ. ಶಾಖೆಯ ವ್ಯವಸ್ಥಾಪಕರ ವಾದವೂ ಅದೇ ಆಗಿತ್ತು. ಈಗ ಹಣ ಮತ್ತು ಪರಿಹಾರ ಎರಡೂ ಖಾತೆಗೆ ಜಮೆಯಾಗಿರುವುದರಿಂದ, ಇದೇ ತೊಂದರೆಯಲ್ಲಿರುವ ಕಕ್ಷಿದಾರರು ನಿಮ್ಮ ಬಳಿಗೂ ಬರುತ್ತಾರೆಂಬ ಕಾರಣಕ್ಕೆ ಇದನ್ನು ಬರೆಯುತ್ತಿದ್ದೇನೆ.

ನನ್ನದು ಕಾರಿನ ಸಾಲ. ಕಂತು ಹನ್ನೊಂದು ಸಾವಿರದ ಮೇಲೆ ಚಿಲ್ಲರೆ. ಉಳಿದಿದ್ದ ಸುಮಾರು ಒಂದೂವರೆ ಲಕ್ಷವನ್ನು ಅವಧಿಗೆ ಮುನ್ನ ಕಟ್ಟುವ ಶುಲ್ಕದೊಂದಿಗೆ ಒಮ್ಮೆಲೇ ಕಟ್ಟಿ, ಆರ್‌ಸಿಯಲ್ಲಿದ್ದ ಹೈಪೋಥಿಕೇಷನ್ (ಕಾರು ಸಾಲಕ್ಕೆ ಅಡವಿದೆ ಎಂಬ ನಮೂದು) ತೆಗೆಸಿಯೂ ಆಗಿತ್ತು. ಹಾಗಿದ್ದರೂ ಮುಂದಿನ ತಿಂಗಳ ಕಂತಿನ ದಿನ ಬೆಳಿಗ್ಗೆ ಅಷ್ಟೇ ಮೊತ್ತ ಕಡಿತವಾಯಿತು. ಅದರ ಮುಂದಿನ ತಿಂಗಳೂ ಆಯಿತು. ಕಂಪನಿಯ ಸಾಲದ ಖಾತೆ ಮುಚ್ಚಿತ್ತು, ಆದರೆ ಕಂತು ವಸೂಲಿಗೆ ಬ್ಯಾಂಕಿಗೆ ಹೋಗುವ ಪಟ್ಟಿಯಲ್ಲಿ ನನ್ನ ಮ್ಯಾಂಡೇಟ್ (ಕಡಿತಕ್ಕೆ ನಾನು ಕೊಟ್ಟಿದ್ದ ಒಪ್ಪಿಗೆ) ಹಾಗೆಯೇ ಉಳಿದಿತ್ತು. ಕಡಿತದಿಂದ ಖಾತೆಯಲ್ಲಿ ಹಣ ಕಡಿಮೆಯಾಗಿ ನನ್ನ ಮ್ಯೂಚುವಲ್ ಫಂಡಿನ ಎಸ್‌ಐಪಿಯೂ (ತಿಂಗಳ ಕಂತಿನ ಹೂಡಿಕೆಯೂ) ಒಮ್ಮೆ ಮರಳಿ ಹೋಯಿತು, ಅದಕ್ಕೆ ಬ್ಯಾಂಕು ಜಿಎಸ್‌ಟಿ ಸೇರಿ 590 ರೂಪಾಯಿ ಹಾಕಿತು. ಈ 590 ರೂಪಾಯಿಯನ್ನು ನೆನಪಿನಲ್ಲಿಡಿ, ಅದರ ಮಾತು ಮುಂದೆ ಬರುತ್ತದೆ.

ಕೆಲಸಕ್ಕೆ ಬಾರದ ದಾರಿಗಳಿಂದಲೇ ಆರಂಭಿಸುತ್ತೇನೆ, ಏಕೆಂದರೆ ಬಹುಪಾಲು ಸಮಯ ಹೋದದ್ದು ಅಲ್ಲೇ. ಕಂಪನಿಯ ಗ್ರಾಹಕ ಸೇವೆಗೆ ಬರೆದ ಪ್ರತಿ ಪತ್ರಕ್ಕೂ ಹೊಸ ಟಿಕೆಟ್ ಸಂಖ್ಯೆ ಸಿಗುತ್ತಿತ್ತು, ಹಳೆಯ ಟಿಕೆಟ್ ಪರಿಹಾರವಾಗಿದೆ ಎಂದು ತಾನಾಗಿಯೇ ಮುಚ್ಚಿಕೊಳ್ಳುತ್ತಿತ್ತು. ಚಾರ್ಜ್‌ಬ್ಯಾಕ್ (ವಹಿವಾಟನ್ನು ಪ್ರಶ್ನಿಸಿ ಹಣ ಮರಳಿ ಪಡೆಯುವುದು) ಕೇಳಿ ಎಂದವರಿದ್ದರು. ಅದು ಕಾರ್ಡಿನ ವಹಿವಾಟಿಗೆ ಇರುವ ವ್ಯವಸ್ಥೆಯೇ ಹೊರತು ನ್ಯಾಚ್‌ಗೆ ಒಗ್ಗುವುದಲ್ಲ. ಅನಧಿಕೃತ ವಿದ್ಯುನ್ಮಾನ ವಹಿವಾಟುಗಳಲ್ಲಿ ಗ್ರಾಹಕರ ಹೊಣೆಯನ್ನು ಮಿತಿಗೊಳಿಸಿ ಆರ್‌ಬಿಐ 2017ರ ಜುಲೈ 6ರಂದು ಹೊರಡಿಸಿದ ಸುತ್ತೋಲೆಯನ್ನು ಮುಂದಿಟ್ಟುಕೊಂಡೂ ಬರೆದು ನೋಡಿದೆ. ಮೂರು ಕೆಲಸದ ದಿನಗಳೊಳಗೆ ತಿಳಿಸಿದರೆ ಹೊಣೆಯಿಲ್ಲ, ಹತ್ತು ಕೆಲಸದ ದಿನಗಳೊಳಗೆ ತಾತ್ಕಾಲಿಕ ಜಮೆ ಎಂಬ ಅದರ ಮಾತುಗಳು ಓದಲು ಬಹಳ ಚೆನ್ನಾಗಿವೆ. ಬ್ಯಾಂಕಿನ ಉತ್ತರ ಮಾತ್ರ ಒಂದೇ ಸಾಲಿನದು: ಮ್ಯಾಂಡೇಟಿಗೆ ತಾವೇ ಸಹಿ ಮಾಡಿದ್ದೀರಿ, ಆದ್ದರಿಂದ ಇದು ಅನಧಿಕೃತವಲ್ಲ. ಸಹಿಯ ಪ್ರತಿಯನ್ನೂ ಲಗತ್ತಿಸಿದ್ದರು. ಆ ಪ್ರತಿಯಲ್ಲಿ, ಹಳೆಯ ನಮೂನೆಗಳಲ್ಲಿ ಇರುತ್ತಿದ್ದ ‘ರದ್ದಾಗುವವರೆಗೆ’ ಎಂಬ ಚೌಕಕ್ಕೆ ಗುರುತು ಹಾಕಿತ್ತು, ಗರಿಷ್ಠ ಮೊತ್ತದ ಜಾಗದಲ್ಲಿ ಕಂತಿನ ಸುಮಾರು ಎರಡರಷ್ಟು ಬರೆದಿತ್ತು. ಸಾಲ ತೀರಿದರೂ ಮ್ಯಾಂಡೇಟ್ ಏಕೆ ಜೀವಂತವಾಗಿರುತ್ತದೆ ಎಂಬುದು ಅಷ್ಟರಿಂದಲೇ ಸ್ಪಷ್ಟವಾಯಿತು.

ಕಂತಿನ ದಿನ ಖಾತೆಯನ್ನು ಖಾಲಿ ಇಟ್ಟುಬಿಡಿ ಎನ್ನುವ ಸಲಹೆ ನಮ್ಮ ವೃತ್ತಿಯಲ್ಲಿ ಎಲ್ಲರ ಬಾಯಲ್ಲೂ ಇದೆ. ನಾನು ಅದನ್ನು ಯಾರಿಗೂ ಹೇಳುವುದಿಲ್ಲ. ಹಣವಿಲ್ಲದೆ ಮರಳಿದ ಪ್ರತಿ ಕಡಿತಕ್ಕೂ ಬ್ಯಾಂಕು ದಂಡ ಹಾಕುತ್ತದೆ, ಕಂಪನಿಯೂ ತನ್ನ ಪಾಲಿನದನ್ನು ಹಾಕಲು ನೋಡುತ್ತದೆ. 2007ರ ಪಾವತಿ ಮತ್ತು ಇತ್ಯರ್ಥ ವ್ಯವಸ್ಥೆಗಳ ಕಾಯ್ದೆಯ 25ನೇ ಕಲಮು ಇಂಥ ಮರಳಿಕೆಯನ್ನು ಚೆಕ್ ಬೌನ್ಸಿನಂತೆಯೇ ಅಪರಾಧವಾಗಿ ನೋಡುತ್ತದೆ. ತೀರಿದ ಸಾಲಕ್ಕೆ ಆ ಕಲಮು ತಗಲದು ಎಂಬುದು ನಿಜ, ಆದರೆ ಅದರ ಹೆಸರಿನಲ್ಲಿ ಬರುವ ನೋಟಿಸಿಗೆ ಉತ್ತರ ಬರೆಸುವ ಖರ್ಚು ತಗಲಿಯೇ ತಗಲುತ್ತದೆ.

ನನಗೆ ದಾರಿ ತೋರಿಸಿದ್ದು ಆರ್‌ಬಿಐಯ 2019ರ ಸೆಪ್ಟೆಂಬರ್ 20ರ ಸುತ್ತೋಲೆ. ವಿಫಲವಾದ ವಹಿವಾಟುಗಳಿಗೆ ಕಾಲಮಿತಿ ಮತ್ತು ಪರಿಹಾರವನ್ನು ನಿಗದಿಪಡಿಸುವ ಈ ಸುತ್ತೋಲೆಯನ್ನು ಎಟಿಎಂನಲ್ಲಿ ಹಣ ಬಾರದಿದ್ದಾಗ, ಯುಪಿಐ ಸಿಕ್ಕಿಕೊಂಡಾಗ ಎಲ್ಲರೂ ಉಲ್ಲೇಖಿಸುತ್ತಾರೆ, ಆದರೆ ಪಟ್ಟಿಯಲ್ಲಿ ಕೆಳಗಿರುವ ನ್ಯಾಚ್‌ನ ಸಾಲನ್ನು ಓದುವವರು ಕಡಿಮೆ. ಗ್ರಾಹಕರು ಮ್ಯಾಂಡೇಟನ್ನು ಬ್ಯಾಂಕಿನಲ್ಲಿ ಹಿಂತೆಗೆದುಕೊಂಡ ಮೇಲೂ ಖಾತೆಯಿಂದ ಹಣ ಕಡಿತವಾದರೆ ಅದಕ್ಕೆ ಗ್ರಾಹಕರ ಬ್ಯಾಂಕೇ ಹೊಣೆ, ವಹಿವಾಟಿನ ಮರುದಿನದೊಳಗೆ ಅದನ್ನು ಸರಿಪಡಿಸಬೇಕು, ಮೀರಿದರೆ ದಿನಕ್ಕೆ 100 ರೂಪಾಯಿ ಕೊಡಬೇಕು ಎಂದು ಅಲ್ಲಿದೆ. ಲೆಕ್ಕ ಕ್ಯಾಲೆಂಡರ್ ದಿನಗಳದ್ದು, ರಜೆಯ ನೆಪ ನಡೆಯುವುದಿಲ್ಲ. ಗ್ರಾಹಕರು ಕೇಳುವವರೆಗೆ ಕಾಯದೆ ಬ್ಯಾಂಕು ತಾನಾಗಿಯೇ ಪರಿಹಾರ ಜಮೆ ಮಾಡಬೇಕೆಂದೂ ಅದೇ ಸುತ್ತೋಲೆ ಹೇಳುತ್ತದೆ. ಇಲ್ಲಿ ಜೀವಾಳವೆಂದರೆ ‘ಬ್ಯಾಂಕಿನಲ್ಲಿ’ ಹಿಂತೆಗೆದುಕೊಳ್ಳುವುದು. ಸಾಲ ಕೊಟ್ಟ ಕಂಪನಿಗೆ ನೂರು ಪತ್ರ ಬರೆದಿದ್ದರೂ ಈ ಸಾಲು ನಮ್ಮ ನೆರವಿಗೆ ಬರುವುದಿಲ್ಲ.

ಆದ್ದರಿಂದ ಶಾಖೆಗೆ ಹೋಗಿ ರದ್ದತಿ ಪತ್ರ ಕೊಟ್ಟೆ. ಪಾಸ್‌ಬುಕ್ಕಿನಲ್ಲಿ ‘ಎಸಿಎಚ್ ಡೆಬಿಟ್’ (ನ್ಯಾಚ್ ಕಡಿತ) ಎಂಬ ಸಾಲಿನ ಪಕ್ಕದಲ್ಲಿ ಮ್ಯಾಂಡೇಟನ್ನು ಗುರುತಿಸುವ ಇಪ್ಪತ್ತು ಅಕ್ಷರಾಂಕಗಳ ಸಂಖ್ಯೆಯಾದ ಯುಎಂಆರ್‌ಎನ್ ಪೂರ್ತಿ ಮುದ್ರಣವಾಗಿರಲಿಲ್ಲ. ನೆಟ್ ಬ್ಯಾಂಕಿಂಗಿನ ಮ್ಯಾಂಡೇಟ್ ಪಟ್ಟಿಯಿಂದ ಅದನ್ನು ತೆಗೆದು ಪತ್ರದ ಮೊದಲ ಸಾಲಿನಲ್ಲೇ ಬರೆದೆ. ಕೌಂಟರಿನವರು ಇದನ್ನು ಕಂಪನಿಯೇ ರದ್ದು ಮಾಡಬೇಕು ಎಂದರು. ಅದು ಸರಿಯಲ್ಲ, ಗ್ರಾಹಕರ ಕೋರಿಕೆಯ ಮೇಲೆ ಖಾತೆಯಿರುವ ಬ್ಯಾಂಕೂ ರದ್ದು ಮಾಡಬಹುದು. ಪತ್ರ ತೆಗೆದುಕೊಳ್ಳಲು ಒಪ್ಪಿದ ಮೇಲೂ ನನ್ನ ಪ್ರತಿಗೆ ದಿನಾಂಕವಿಲ್ಲದ ದುಂಡು ಮೊಹರು ಮಾತ್ರ ಒತ್ತಿದರು. ದಿನಾಂಕದ ಮೊಹರು, ಸಹಿ, ಸಿಬ್ಬಂದಿಯ ಸಂಖ್ಯೆ ಬೀಳುವವರೆಗೆ ನಾನು ಕೌಂಟರ್ ಬಿಟ್ಟು ಕದಲಲಿಲ್ಲ. ಮುಂದೆ ನಡೆದದ್ದೆಲ್ಲ ಆ ಒಂದು ದಿನಾಂಕದ ಬಲದ ಮೇಲೆ ನಡೆಯಿತು.

ಎಣಿಸಿದಂತೆಯೇ ರದ್ದತಿಯ ಪತ್ರ ಯಾರದೋ ಮೇಜಿನ ಮೇಲೆ ಉಳಿದು, ಮರು ತಿಂಗಳೂ ಕಂತು ಕಡಿತವಾಯಿತು. ಅಂದೇ ಶಾಖೆಗೆ, ಮರುದಿನ ಬ್ಯಾಂಕಿನಲ್ಲಿ ದೂರುಗಳ ಹೊಣೆ ಹೊತ್ತ ಪ್ರಧಾನ ನೋಡಲ್ ಅಧಿಕಾರಿಗೆ ಬರೆದೆ. ಶಾಖೆಯ ಉತ್ತರ ಮೌಖಿಕವಾಗಿ ಹಳೆಯದೇ. ನೋಡಲ್ ಅಧಿಕಾರಿಯ ಕಚೇರಿಯಿಂದ ಬಂದದ್ದು ಪರಿಶೀಲನೆಯಲ್ಲಿದೆ ಎಂಬ ಸಾಲು ಮಾತ್ರ. ಮೂವತ್ತು ದಿನ ಕಳೆದ ಕೂಡಲೇ ಆರ್‌ಬಿಐಯ ದೂರು ಸಲ್ಲಿಸುವ ಸಿಎಂಎಸ್ ಪೋರ್ಟಲಿನಲ್ಲಿ, 2021ರ ಸಮಗ್ರ ಒಂಬುಡ್ಸ್‌ಮನ್ (ಗ್ರಾಹಕರ ದೂರು ಇತ್ಯರ್ಥಪಡಿಸುವ ಅಧಿಕಾರಿ) ಯೋಜನೆಯಡಿ ದೂರು ಸಲ್ಲಿಸಿದೆ. ಅದಕ್ಕೆ ಶುಲ್ಕವಿಲ್ಲ. ದೂರಿನಲ್ಲಿ ನನ್ನ ಸಂಕಟವನ್ನು ವರ್ಣಿಸಲಿಲ್ಲ. ಮೊಹರಿನ ಪ್ರತಿ, ಕಡಿತದ ಸಾಲಿರುವ ಸ್ಟೇಟ್‌ಮೆಂಟಿನ ಪುಟ, ಸುತ್ತೋಲೆಯ ಆ ಸಾಲು, ಬ್ಯಾಂಕಿಗೆ ಬರೆದ ಮೊದಲ ಪತ್ರ ಇಷ್ಟನ್ನೇ ಲಗತ್ತಿಸಿದೆ. ಲಗತ್ತುಗಳನ್ನು ಯಾವ ಕ್ರಮದಲ್ಲಿ, ಯಾವ ಹೆಸರಿನಲ್ಲಿ ಇಟ್ಟೆ ಎಂಬುದರಲ್ಲಿ ಒಂದು ಚಾತುರ್ಯವಿದೆ. ನಾಲ್ಕಾರು ಕಕ್ಷಿದಾರರ ದೂರುಗಳು ಇನ್ನೂ ವಿಚಾರಣೆಯಲ್ಲಿರುವ ಕಾರಣ ಅದನ್ನು ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ.

ದೂರು ಬ್ಯಾಂಕಿಗೆ ತಲುಪಿದ ಒಂದೆರಡು ವಾರಗಳಲ್ಲಿ, ಒಂಬುಡ್ಸ್‌ಮನ್ ಆದೇಶದವರೆಗೂ ಹೋಗದೆ, ಕಂತಿನ ಪೂರ್ಣ ಮೊತ್ತ ಜಮೆಯಾಯಿತು. ಪರಿಹಾರ ಬಂದಿರಲಿಲ್ಲ. ದೂರನ್ನು ಹಿಂಪಡೆಯಿರಿ ಎಂದು ಶಾಖೆಯಿಂದ ಬಂದ ಕರೆಗೆ, ದಿನದ ಲೆಕ್ಕವೂ 590 ರೂಪಾಯಿಯೂ ಬಂದ ಮೇಲೆ ಹಿಂಪಡೆಯುತ್ತೇನೆ ಎಂದು ಬರಹದಲ್ಲೇ ಉತ್ತರಿಸಿದೆ. ವಾರದೊಳಗೆ ಐದು ಸಾವಿರದ ಆಸುಪಾಸಿನ ಪರಿಹಾರ ಬಂತು. 590 ರೂಪಾಯಿಗೆ ಬ್ಯಾಂಕು ಬಹಳ ಚೌಕಾಸಿ ಮಾಡಿತು, ಏಕೆಂದರೆ ಎಸ್‌ಐಪಿ ಮರಳಿದ್ದು ರದ್ದತಿ ಪತ್ರಕ್ಕೂ ಹಿಂದಿನ ತಿಂಗಳಲ್ಲಿ. ಕೊನೆಗೆ ಸೌಜನ್ಯದ ಹೆಸರಿನಲ್ಲಿ ಅದನ್ನೂ ಕೊಟ್ಟಿತು. ನನಗೆ ಆದ ಖರ್ಚು ಜೆರಾಕ್ಸ್, ರಿಜಿಸ್ಟರ್ಡ್ ಅಂಚೆ ಸೇರಿ ಇನ್ನೂರು ರೂಪಾಯಿ ದಾಟಿರಲಾರದು.

ಈ ನಡುವೆ ಬೇರೆ ಮ್ಯಾಂಡೇಟುಗಳ ಮೇಲೂ ಒಂದಿಷ್ಟು ಪ್ರಯೋಗ ಮಾಡಿದೆ. 500 ರೂಪಾಯಿಯ ಒಂದು ಎಸ್‌ಐಪಿಯನ್ನು ಫಂಡಿನ ಕಡೆಯಿಂದ ಮಾತ್ರ ನಿಲ್ಲಿಸಿ ನೋಡಿದರೆ, ಕಡಿತ ನಿಂತಿತು, ಆದರೆ ಮ್ಯಾಂಡೇಟ್ ಬ್ಯಾಂಕಿನ ಪಟ್ಟಿಯಲ್ಲಿ ಸಕ್ರಿಯವಾಗಿಯೇ ಉಳಿಯಿತು. ಬ್ಯಾಂಕಿನ ಕಡೆಯಿಂದ ಆನ್‌ಲೈನಿನಲ್ಲಿ ರದ್ದು ಮಾಡಿದ ಇ-ಮ್ಯಾಂಡೇಟ್ ಮೂರ್ನಾಲ್ಕು ದಿನಗಳಲ್ಲಿ ಪಟ್ಟಿಯಿಂದ ಹೋಯಿತು. ಯುಪಿಐ ಆಟೋಪೇಯನ್ನು ಆ್ಯಪಿನಲ್ಲಿ ರದ್ದು ಮಾಡಿದೊಡನೆ ಅದು ನಿಂತೇಹೋಯಿತು. ಕಾಗದದ ಮೇಲೆ ಸಹಿ ಮಾಡಿದ ಹಳೆಯ ಮ್ಯಾಂಡೇಟೇ ಎಲ್ಲಕ್ಕಿಂತ ಹಠಮಾರಿ, ಶಾಖೆಗೆ ಹೋಗದೆ ಅದು ಬಗ್ಗುವುದಿಲ್ಲ.

ರದ್ದತಿಗೆ ಮುಂಚಿನ ಎರಡು ಕಂತುಗಳಿಗೆ ಬ್ಯಾಂಕು ಹೊಣೆಯಲ್ಲ, ಅವನ್ನು ಫೈನಾನ್ಸ್ ಕಂಪನಿಯಿಂದಲೇ ಕೇಳಬೇಕಿತ್ತು. ಎರಡನ್ನೂ ಒಂದೇ ದೂರಿನಲ್ಲಿ ಬೆರೆಸಿದರೆ ಇವರು ಅವರನ್ನು, ಅವರು ಇವರನ್ನು ತೋರಿಸಿ ಕೈತೊಳೆದುಕೊಳ್ಳುತ್ತಾರೆ. ಹಾಗಾಗಿ ಕಂಪನಿಯ ಕುಂದುಕೊರತೆ ಅಧಿಕಾರಿಗೆ ನೋ ಡ್ಯೂ ಪತ್ರದ ಪ್ರತಿಯೊಂದಿಗೆ ಪ್ರತ್ಯೇಕವಾಗಿ ಬರೆದೆ. ಅಸಲು ಎರಡೂ ಬಂದಿವೆ. ಅಷ್ಟು ಕಾಲ ಹಣ ಇಟ್ಟುಕೊಂಡದ್ದಕ್ಕೆ ಬಡ್ಡಿ ಕೇಳಿ ಸಿಎಂಎಸ್‌ನಲ್ಲಿ ಹಾಕಿರುವ ಎರಡನೆಯ ದೂರು ಇನ್ನೂ ನಡೆಯುತ್ತಿದೆ.