ಬಾಯಿ ವಾಸನೆಗೆ ಮೌತ್‌ವಾಶ್ ಕೊಳ್ಳುವ ಮುಂಚೆ ಲೇಬಲ್ ಓದಿ

ಎರಡು ಹೊತ್ತು ಹಲ್ಲುಜ್ಜಿದರೂ ಬಾಯಿ ವಾಸನೆ ಹೋಗುತ್ತಿಲ್ಲ ಅನ್ನುವವರು ಸುಮ್ನೆ ಗ್ಯಾಸ್ ಮಾತ್ರೆ ನುಂಗಬೇಡಿ. ಬಹುತೇಕ ಸಲ ಕಾರಣ ಹೊಟ್ಟೆಯಲ್ಲಲ್ಲ, ಬಾಯಲ್ಲೇ ಇರುತ್ತದೆ. ನಾಲಿಗೆಯ ಹಿಂಭಾಗ ಮತ್ತು ಒಸಡಿನ ಸಂದಿಯಲ್ಲಿ ಕೂತ ಬ್ಯಾಕ್ಟೀರಿಯಾಗಳು ಪ್ರೋಟೀನ್ ಒಡೆದು ಗಂಧಕದ ಅನಿಲ ಬಿಡುತ್ತವೆ, ಆ ಕೊಳೆತ ಮೊಟ್ಟೆಯಂಥ ನಾತ ಅದೇ.

ಹಾಗಾಗಿ ದಿನಾ ನಾಲಿಗೆ ಕೆರೆಯಿರಿ, ತುದಿ ಮಾತ್ರ ಅಲ್ಲ, ಹಿಂದಿನವರೆಗೂ, ಮೆಲ್ಲಗೆ.

ಮೌತ್‌ವಾಶ್ ವಿಷಯದಲ್ಲಿ ಪುದೀನ ಪರಿಮಳಕ್ಕೆ ಮರುಳಾಗಬೇಡಿ, ಅದು ನಾತವನ್ನು ಸ್ವಲ್ಪ ಹೊತ್ತು ಮುಚ್ಚುತ್ತದೆ ಅಷ್ಟೇ. ಲೇಬಲ್‌ನಲ್ಲಿ ಜಿಂಕ್ ಇದೆಯಾ ನೋಡಿ, ಅದು ಗಂಧಕವನ್ನು ಹಿಡಿದುಕೊಂಡು ವಾಸನೆ ಏಳದಂತೆ ಮಾಡುತ್ತದೆ. ಸೆಟೈಲ್‌ಪಿರಿಡಿನಿಯಂ ಕ್ಲೋರೈಡ್ ಬ್ಯಾಕ್ಟೀರಿಯಾ ಕಡಿಮೆ ಮಾಡುತ್ತದೆ, ಎರಡೂ ಇದ್ದರೆ ಇನ್ನೂ ಒಳ್ಳೆಯದು. ಬಾಯಿ ಒಣಗುವವರು ಆಲ್ಕೋಹಾಲ್ ಇಲ್ಲದ್ದನ್ನೇ ಆರಿಸಿ.

ಕ್ಲೋರ್‌ಹೆಕ್ಸಿಡಿನ್ ಎಂಬ ಬ್ಯಾಕ್ಟೀರಿಯಾ ಕೊಲ್ಲುವ ಔಷಧ ಇರುವ ಮೌತ್‌ವಾಶ್ (ನಮ್ಮಲ್ಲಿ ಸಾಮಾನ್ಯವಾಗಿ 0.2%) ಚೆನ್ನಾಗಿ ಕೆಲಸ ಮಾಡುತ್ತದೆ, ಆದರೆ ತಿಂಗಳುಗಟ್ಟಲೆ ಬಳಸುವಂಥದ್ದಲ್ಲ, ಹಲ್ಲಿನ ಮೇಲೆ ಕಂದು ಕಲೆ ಬರುತ್ತದೆ, ರುಚಿಯೂ ಕೆಡುತ್ತದೆ. ದಂತವೈದ್ಯರು ಹೇಳಿದಷ್ಟು ದಿನ ಮಾತ್ರ ಸಾಕು. ಪೇಸ್ಟ್ ಹಾಕಿ ಉಜ್ಜಿದ ಕೂಡಲೇ ಇದನ್ನು ಬಳಸಿದರೆ ಇದರ ಶಕ್ತಿ ಕುಗ್ಗುತ್ತದೆ, ಮಧ್ಯೆ ಅರ್ಧ ಗಂಟೆ ಬಿಡಿ.

ಒಸಡಿನಲ್ಲಿ ರಕ್ತ ಬರುತ್ತಿದ್ದರೆ ಯಾವ ದ್ರಾವಣವೂ ಸಾಲದು, ಹಲ್ಲು ಕ್ಲೀನ್ ಮಾಡಿಸಲೇಬೇಕು. ಹಲ್ಲು, ಒಸಡು ಎಲ್ಲಾ ಸರಿ ಇದ್ದೂ ವಾಸನೆ ಉಳಿದರೆ ಇಎನ್‌ಟಿ ವೈದ್ಯರಿಗೆ ತೋರಿಸಿ, ಟಾನ್ಸಿಲ್ ಕಲ್ಲು (ಗಂಟಲಿನ ಟಾನ್ಸಿಲ್ ಸಂದಿಯಲ್ಲಿ ಗಟ್ಟಿಯಾದ ಕೊಳೆ) ಅಥವಾ ಸೈನಸ್ ಕಾರಣ ಇರಬಹುದು. ಸಕ್ಕರೆ ಕಾಯಿಲೆಯಿಂದಲೂ ಬಾಯಿ ವಾಸನೆ ಬರಬಹುದು, ಹಾಗಾಗಿ ಜೊತೆಗೆ ಶುಗರ್ ಟೆಸ್ಟನ್ನೂ ಮಾಡಿಸಿ.