ಅಣಬೆಯ ತೆಳು ಹೋಳು, ಅನಾನಸು, ಮುರುಗಲು: ಊಟಕ್ಕೆ ಮುಂಚಿನ ಒಂದು ತಟ್ಟೆ

ಶಿರಸಿ ಸೀಮೆಯ ಮನೆಗಳಲ್ಲಿ ನೆಂಟರು ಜಗಲಿ ಹತ್ತಿದ ಕೂಡಲೇ ‘ಆಸರಿಗೆ ಏನು ಬೇಕು’ ಎಂದು ಕೇಳುವುದು ರೂಢಿ. ಪಾನಕವೋ ಮಜ್ಜಿಗೆಯೋ ಕೊಟ್ಟ ಮೇಲೆ ಎಲೆ ಹಾಕುವವರೆಗೆ ಒಂದಷ್ಟು ಹೊತ್ತು ಉಳಿಯುತ್ತದೆ. ಆಗ ಬಜ್ಜಿ, ಚಿಪ್ಸ್ ಕೊಟ್ಟರೆ ಹೊಟ್ಟೆ ತುಂಬಿ ಊಟ ಕೆಡುತ್ತದೆ. ಅದರ ಬದಲು ತಂಪಾಗಿ, ಸ್ವಲ್ಪ ಹುಳಿಯಾಗಿ, ಹಸಿವನ್ನು ಕೆರಳಿಸುವಂತಿರುವ ಈ ತಟ್ಟೆಯನ್ನು ಕೊಡಬಹುದು. ಇದರ ಮೂಲ ಇಟಲಿಯ ಕಾರ್ಪಾಚೊ. ವೆನಿಸ್‌ನ ಹ್ಯಾರೀಸ್ ಬಾರ್‌ನಲ್ಲಿ ಜುಸೆಪ್ಪೆ ಚಿಪ್ರಿಯಾನಿ ಹಸಿ ದನದ ಮಾಂಸವನ್ನು ಕಾಗದದಷ್ಟು ತೆಳುವಾಗಿ ಹೆಚ್ಚಿ ಬಡಿಸಿ, ಕೆಂಪು ಬಣ್ಣಕ್ಕೆ ಹೆಸರಾದ ಚಿತ್ರಕಾರ ಕಾರ್ಪಾಚೊನ ಹೆಸರನ್ನು ಅದಕ್ಕೆ ಇಟ್ಟರು. ನಾವು ಅಲ್ಲಿಂದ ತೆಗೆದುಕೊಳ್ಳುವುದು ತೆಳುವಾಗಿ ಹೆಚ್ಚುವ ಕ್ರಮವನ್ನು ಮಾತ್ರ.

ನಾಲ್ಕು ಜನರಿಗೆ 200 ಗ್ರಾಂ ಬಿಳಿ ಬಟನ್ ಅಣಬೆ, ಮಧ್ಯಮ ಗಾತ್ರದ ಅನಾನಸಿನ ಕಾಲು ಭಾಗ, ಎಂಟು ಒಣ ಮುರುಗಲು (ಕೋಕಂ) ಸಿಪ್ಪೆ, ಒಂದು ಚಮಚ ಜೋನಿಬೆಲ್ಲ, ಎರಡು ಚಮಚ ಶೇಂಗಾ ಎಣ್ಣೆ, ಆರು ಗೋಡಂಬಿ, ಹತ್ತು ಹನ್ನೆರಡು ಎಳೆ ಒಂದೆಲಗದ ಎಲೆ, ಕಾಳುಮೆಣಸು ಮತ್ತು ಉಪ್ಪು ಸಾಕು. ಅಣಬೆಯ ಟೊಪ್ಪಿ ಬಿಗಿಯಾಗಿ ಮುಚ್ಚಿಕೊಂಡಿರಬೇಕು. ಅಡಿಯ ಕಂದು ಪದರಗಳು ಕಾಣುವಷ್ಟು ಅರಳಿದ್ದರೆ ಅದನ್ನು ಪಲ್ಯಕ್ಕೆ ಇಟ್ಟುಕೊಳ್ಳಿ. ಮಳೆಗಾಲದಲ್ಲಿ ಹುತ್ತದ ಬುಡದಲ್ಲಿ ಏಳುವ ಅಣಬೆ ಎಷ್ಟೇ ರುಚಿಯಾಗಿದ್ದರೂ ಈ ತಟ್ಟೆಗೆ ಬೇಡ. ಕಾಡಿನ ಅಣಬೆಯನ್ನು ಬಲ್ಲವರು ಗುರುತಿಸಿ ಕೊಡಬೇಕು, ಕೊಟ್ಟ ಮೇಲೂ ಚೆನ್ನಾಗಿ ಬೇಯಿಸಿಯೇ ತಿನ್ನಬೇಕು.

ಬಟನ್ ಅಣಬೆಯನ್ನು ಹಸಿಯಾಗಿಯೇ ಹೆಚ್ಚಿ ಬಡಿಸುವವರಿದ್ದಾರೆ. ಆದರೆ ಹಸಿ ಅಣಬೆಯಲ್ಲಿ ಅಗಾರಿಟಿನ್ ಎಂಬ, ಆರೋಗ್ಯಕ್ಕೆ ಕೆಡುಕೆಂಬ ಅನುಮಾನವಿರುವ ಅಂಶವೊಂದಿದ್ದು, ಬಿಸಿ ತಾಗಿದರೆ ಅದು ಕಡಿಮೆಯಾಗುತ್ತದೆ. ಅಡುಗೆಯ ದೃಷ್ಟಿಯಿಂದಲೂ ನನಗೆ ಬಿಸಿನೀರು ತೋರಿಸುವುದೇ ಸರಿಯೆನಿಸುತ್ತದೆ. ಹಸಿ ಅಣಬೆ ಕತ್ತಿಯ ಕೆಳಗೆ ಪುಡಿಯಾಗಿ ಒಡೆಯುತ್ತದೆ, ಬಿಸಿನೀರು ಕಂಡದ್ದು ಗಟ್ಟಿಯಾಗಿ ನಿಂತು ಅಂದವಾಗಿ ಸೀಳುತ್ತದೆ. ಮಣ್ಣನ್ನು ಒದ್ದೆ ಬಟ್ಟೆಯಿಂದ ಒರೆಸಿ, ತೊಟ್ಟನ್ನು ಟೊಪ್ಪಿಯ ಮಟ್ಟಕ್ಕೆ ಕೊಯ್ದು, ಕುದಿಯುವ ಉಪ್ಪುನೀರಿಗೆ ಅರ್ಧ ನಿಂಬೆಹಣ್ಣಿನ ರಸ ಹಿಂಡಿ, ಅಣಬೆಗಳನ್ನು ಇಡಿಯಾಗಿಯೇ ಎರಡು ಮೂರು ನಿಮಿಷ ಹಾಕಿ. ನಿಂಬೆರಸವಿದ್ದರೆ ಬಿಳುಪು ಮಾಸುವುದಿಲ್ಲ. ತೆಗೆದು ತಣ್ಣೀರಿಗೆ ಹಾಕಿ, ಬಟ್ಟೆಯಲ್ಲಿ ಒತ್ತಿ ಒರೆಸಿ, ಒಂದು ತಾಸು ಫ್ರಿಜ್‌ನಲ್ಲಿಡಿ.

ಹೆಚ್ಚುವುದರಲ್ಲಿಯೇ ಈ ತಟ್ಟೆಯ ಅರ್ಧ ಗುಣವಿದೆ. ಮೆಟ್ಟುಗತ್ತಿಯಲ್ಲಿ ಎಷ್ಟೇ ಕೈ ಪಳಗಿದವರಾದರೂ ಇದಕ್ಕೆ ತೆಳು ಅಲಗಿನ ಚಾಕುವನ್ನೇ ಬಳಸಬೇಕು. ಅಣಬೆಯನ್ನು ಕೊಯ್ದ ಭಾಗ ಕೆಳಗಾಗುವಂತೆ ಮಣೆಯ ಮೇಲಿಟ್ಟು, ಚಾಕುವನ್ನು ಕೆಳಗೆ ಒತ್ತದೆ ತನ್ನ ಕಡೆಗೆ ಎಳೆಯುತ್ತ, ಒಂದೂವರೆಯಿಂದ ಎರಡು ಮಿಲಿಮೀಟರ್ ದಪ್ಪಕ್ಕೆ, ಅಂದರೆ ಕಿಟಕಿಯ ಬೆಳಕಿಗೆ ಹಿಡಿದರೆ ಬೆರಳಿನ ನೆರಳು ಮಸುಕಾಗಿ ಕಾಣುವಷ್ಟು ತೆಳುವಾಗಿ ಸೀಳಬೇಕು. ಬಾಳೆಕಾಯಿ ಚಿಪ್ಸಿನ ಮಣೆ ಕೈಗೆ ಸುಲಭವಾದರೂ ಅದರಲ್ಲಿ ಟೊಪ್ಪಿಯ ಅಂಚು ಹರಿದುಹೋಗುತ್ತದೆ.

ಹಣ್ಣಿಗೆ ಅನಾನಸನ್ನು ಆರಿಸಿದ್ದಕ್ಕೆ ಕಾರಣ, ಬನವಾಸಿ ಕಡೆ ಅದು ಯಥೇಚ್ಛವಾಗಿ ಬೆಳೆಯುತ್ತದೆ ಎಂಬುದೊಂದೇ ಅಲ್ಲ. ತೆಳುವಾಗಿ ಕೊಯ್ದರೂ ಅದು ಮುದ್ದೆಯಾಗುವುದಿಲ್ಲ. ಅಂಕೋಲೆಯ ಕರಿ ಈಶಾಡು ಮಾವಿನಹಣ್ಣನ್ನು ಒಮ್ಮೆ ಪ್ರಯತ್ನಿಸಿದ್ದೆ. 2023ರಲ್ಲಿ ಭೌಗೋಳಿಕ ಸೂಚ್ಯಂಕದ ಮಾನ್ಯತೆ ಪಡೆದ ಆ ಹಣ್ಣಿನ ಸಿಹಿಯ ಮುಂದೆ ಅಣಬೆ ಇದೆಯೋ ಇಲ್ಲವೋ ತಿಳಿಯಲಿಲ್ಲ. ಅದನ್ನು ಹಾಗೆಯೇ ತಿನ್ನುವುದೇ ಲೇಸು. ಅನಾನಸಿನ ಕಣ್ಣು, ನಡುವಿನ ಗಟ್ಟಿ ದಿಂಡು ತೆಗೆದು ತೆಳುವಾಗಿ ಕೊಯ್ದು, ನಾಲಗೆ ಕೆರೆಯದಂತೆ ಒಂದು ನಿಮಿಷ ಉಪ್ಪುನೀರಲ್ಲಿ ಅದ್ದಿ, ಹತ್ತು ನಿಮಿಷ ಜಾಲರಿಯ ಮೇಲೆ ಬಸಿಯಲು ಬಿಡಿ. ಬಸಿಯದ ಹೋಳು ತಟ್ಟೆಯನ್ನೆಲ್ಲ ರಸಮಯ ಮಾಡುತ್ತದೆ.

ಮುರುಗಲು ಸಿಪ್ಪೆಯನ್ನು ಕಾಲು ಲೋಟ ಬೆಚ್ಚಗಿನ ನೀರಿನಲ್ಲಿ ಅರ್ಧ ತಾಸು ನೆನೆಸಿ, ಕಿವುಚಿ, ಸೋಸಿ, ಸ್ಟೀಲ್ ಪಾತ್ರೆಯಲ್ಲಿ ಸಣ್ಣ ಉರಿಯ ಮೇಲೆ ಎರಡು ದೊಡ್ಡ ಚಮಚದಷ್ಟಾಗುವವರೆಗೆ ಕಾಯಿಸಿ. ಹುಳಿ ಇರುವುದರಿಂದ ಅಲ್ಯುಮಿನಿಯಂ ಪಾತ್ರೆ ಬೇಡ. ಇಳಿಸಿದ ಮೇಲೆ ಜೋನಿಬೆಲ್ಲ ಸೇರಿಸಿ, ಆರಿದ ಮೇಲೆ ಎಣ್ಣೆ ಹಾಕಿ ಕದಡಿ. ಅಂಗಡಿಯ ಸಿಪ್ಪೆಗೆ ಒಣಗಿಸುವಾಗಲೇ ಉಪ್ಪು ಹಾಕಿರುವುದುಂಟು, ಆದ್ದರಿಂದ ರುಚಿ ನೋಡದೆ ಉಪ್ಪು ಬೆರೆಸಬೇಡಿ. ಎಣ್ಣೆಯ ಬಗ್ಗೆ ಒಂದು ಮಾತು: ಮೊದಲ ಸಲ ನಮ್ಮೂರಿನ ಅಭಿಮಾನದಿಂದ ತೆಂಗಿನ ಎಣ್ಣೆಯನ್ನೇ ಹಾಕಿದ್ದೆ. ಸುಮಾರು 24 ಡಿಗ್ರಿಗಿಂತ ಕೆಳಗೆ ಅದು ಹೆಪ್ಪುಗಟ್ಟುತ್ತದೆ ಎಂಬುದು, ಫ್ರಿಜ್‌ನಿಂದ ತೆಗೆದ ತಟ್ಟೆಯ ಮೇಲೆ ಮೇಣದ ಹನಿಗಳಂತೆ ಬೆಳ್ಳಗೆ ಕೂತಾಗಲೇ ನೆನಪಾಯಿತು.

ತಟ್ಟೆಯನ್ನು ಮೊದಲೇ ತಂಪಾಗಿಸಿ, ಅಣಬೆಯ ಹೋಳುಗಳನ್ನು ಹೊರಗಿನಿಂದ ಒಳಗೆ ಒಂದರ ಅಂಚಿನ ಮೇಲೆ ಇನ್ನೊಂದು ಬರುವಂತೆ, ಹಂಚಿನ ಮಾಡಿನ ಹಾಗೆ ಹೊಂದಿಸಿ, ನಡುನಡುವೆ ಅನಾನಸಿನ ಹೋಳು ಇಡಿ. ಹುರಿದು ಸೀಳಿದ ಗೋಡಂಬಿ ಮತ್ತು ಒಂದೆಲಗವನ್ನು ಮೇಲೆ ಉದುರಿಸಿ. ಇಷ್ಟನ್ನು ನೆಂಟರು ಬರುವುದಕ್ಕೆ ಮುಂಚೆಯೇ ಮಾಡಿ ಮುಚ್ಚಿಡಬಹುದು. ಉಪ್ಪು ಮತ್ತು ಮುರುಗಲು ರಸಕ್ಕೆ ಮಾತ್ರ ಕೊನೆಯ ಕ್ಷಣದವರೆಗೆ ಕಾಯಬೇಕು, ಏಕೆಂದರೆ ಉಪ್ಪು ಬಿದ್ದ ಕೂಡಲೇ ಅಣಬೆ ನೀರು ಬಿಡತೊಡಗುತ್ತದೆ. ರಸವನ್ನು ಚಮಚದ ತುದಿಯಿಂದ ಹನಿಹನಿಯಾಗಿ ಬಿಡಿ. ಸುರಿದರೆ ಬಿಳಿ ಅಣಬೆಯೆಲ್ಲ ಒಂದೇ ಕೆಂಪಾಗುತ್ತದೆ, ಹನಿಸಿದರೆ ಅಂಚುಗಳಲ್ಲಿ ಮಾತ್ರ ಬಣ್ಣ ಹರಡುತ್ತದೆ. ಕಾಳುಮೆಣಸನ್ನು ಆಗಲೇ ದಪ್ಪಗೆ ಕುಟ್ಟಿ ಹಾಕಿ.

ನಮ್ಮ ಕಡೆ ಅಣಬೆಯನ್ನು ಅಡುಗೆಮನೆಗೇ ತಾರದ ಹಿರಿಯರೂ ಇದ್ದಾರೆ, ಮೊದಲೇ ಕೇಳಿಕೊಳ್ಳುವುದು ಒಳ್ಳೆಯದು. ಅವರಿಗೆ ಎಳೆ ಬಾಳೆದಿಂಡನ್ನು ಅಷ್ಟೇ ತೆಳುವಾದ ಬಿಲ್ಲೆಗಳಾಗಿ ಕೊಯ್ದು, ನಾರನ್ನು ಬೆರಳಿಗೆ ಸುತ್ತಿ ತೆಗೆದು, ಕಪ್ಪಾಗದಂತೆ ನೀರುಮಜ್ಜಿಗೆಯಲ್ಲಿ ಹಾಕಿಟ್ಟು, ಹಿಂಡಿ, ಇದೇ ರಸದೊಂದಿಗೆ ಬೇರೆ ತಟ್ಟೆಯಲ್ಲಿ ಕೊಡಿ. ದಿಂಡನ್ನು ಕೋಸಂಬರಿಯಲ್ಲಿ ಹಸಿಯಾಗಿಯೇ ತಿನ್ನುವುದರಿಂದ ಅದಕ್ಕೆ ಬಿಸಿನೀರೂ ಬೇಡ.